ಹಸಿ ಗಾರೆಯ ಮೇಲಿನ ಕೈಗಳು

ವೆರೋನ್, ಲೂಯಿಸಿಯಾನ
14 ಸೆಪ್ಟೆಂಬರ್ 2020

ನೊಯೆಲಿ,

ನೀನು ಊರು ಬಿಟ್ಟು ಎರಡು ತಿಂಗಳಾಗುತ್ತ ಬಂತು. ಹೇಳಿ ಹೋಗಲಿಲ್ಲ. ಚರ್ಚಿನಲ್ಲಿ ಪಾದ್ರಿ ನಿನ್ನ ತಲೆಗೆ ನೀರು ಹಾಕಿದಾಗ ನಿನ್ನನ್ನು ಎತ್ತಿ ಹಿಡಿದುಕೊಂಡಿದ್ದವನು ನಾನು, ನಿನ್ನ ಪರಾನ್, ನಿನ್ನ ಧರ್ಮತಂದೆ. ನಿನ್ನಪ್ಪ ಸತ್ತ ಮೇಲೆ ನಿನ್ನ ಶಾಲೆ, ಜ್ವರ, ಬೂಟು ಎಲ್ಲ ನೋಡಿಕೊಂಡವನೂ ನಾನೇ. ಅಂಥವನಿಗೆ ನೀನು ಹೋದ ಸುದ್ದಿ ಕ್ಷೌರದಂಗಡಿಯ ಒವೀಡನಿಂದ ಗೊತ್ತಾಗಬೇಕು. "ಏನ್ ಆಲ್ಸೀಡಣ್ಣ, ನಿಮ್ ಹುಡುಗಿ ಓಕ್‌ಲ್ಯಾಂಡಿಗೆ ಹೋದ್ಲಂತಲ್ಲ, ನಿಮಗೆ ಗೊತ್ತಿಲ್ವಾ?" ಎಂದ, ಅರ್ಧ ಗಡ್ಡ ಕೆರೆದು. ಉಳಿದರ್ಧ ಹಾಗೇ ಇರಲಿ ಎಂದು ಎದ್ದು ಬಂದೆ.

ಫೋನ್ ಮಾಡಿಸಿದರೆ ಈ ನಂಬರು ಇಲ್ಲ ಅನ್ನುತ್ತದೆ. ನಮ್ಮಂಥವರ ಜೊತೆ ಮಾತು ಬೇಡವಾಗಿ ನಂಬರು ಬದಲಾಯಿಸಿದ್ದೀಯ ಅಂತ ತಿಳಿದುಕೊಂಡೆ. ಇರಲಿ. ಗಾರೆ ಕಲಸುವ ಮಿಷಿನ್ನಿನ ಪಕ್ಕ ನಿಂತೂ ನಿಂತೂ ನನ್ನ ಕಿವಿ ಅರ್ಧ ಹೋಗಿದೆ, ಫೋನು ನನಗೂ ಆಗಿಬರುವುದಿಲ್ಲ. ಅಲ್ಲಿ ನಿನಗಿರುವುದು ಒದೀಲ್ ಒಬ್ಬಳೇ, ಅವಳ ವಿಳಾಸಕ್ಕೆ ಹಾಕುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ ಇದು. ತಪ್ಪಿದ್ದರೆ ನುಂಗಿಕೋ.

ಗೋಡೆಯನ್ನು ಮರೆತಿದ್ದೀಯ, ನೆನಪು ಮಾಡಿಕೊಡುತ್ತೇನೆ. ಸೈಕಲ್ಲಿಗೆ ದೀಪವಿಲ್ಲ ಎಂದು ಶೆರಿಫನ ಪೇದೆ ಡೆಸ್ಮಂಡ್ ಓಬೆರ್‌ನನ್ನು ನಿಲ್ಲಿಸಿದ. ಡೆಸ್ಮಂಡ್ ಜೇಬಿಗೆ ಕೈ ಹಾಕಿದ. ಪೇದೆ ಗುಂಡು ಹಾರಿಸಿದ. ಜೇಬಿನಲ್ಲಿ ಇದ್ದದ್ದು ಅವನು ಮಾರುವ ಐಸ್‌ಗೋಲದ ಮರದ ಚಮಚಗಳು. ಅದು ಮೇ ತಿಂಗಳು. ಜೂನಿನಲ್ಲಿ ನಮ್ಮ ಸಹಾಯ ಸಂಘದ ಕಟ್ಟಡದ ಪಕ್ಕದ ಗೋಡೆಗೆ ನಾನು ಹೊಸ ಗಾರೆ ಹಾಕಿದೆ, ನೀನು ಅವನ ಮುಖ ಬರೆದೆ. ಕೆಳಗಿನ ಪಟ್ಟಿ ಹಸಿಯಾಗಿ ಬಿಟ್ಟಿದ್ದೆ. ಊರೆಲ್ಲ ಸಾಲಾಗಿ ಬಂದು ಅಂಗೈ ಒತ್ತಿತು. ನನ್ನ ಅಜ್ಜ, ಅಪ್ಪ, ನಾನು ಬಿಳಿಯರ ಬಂಗಲೆಗಳಿಗೆ ಜೀವಮಾನವಿಡೀ ಗಾರೆ ಮೆತ್ತಿದೆವು. ಹೆಸರು ಹಾಕಲು ಬಿಡುತ್ತಿರಲಿಲ್ಲ. ಬೀರು ನಿಲ್ಲುವ ಮೂಲೆ ನೋಡಿ, ಗಾರೆ ಒಣಗುವ ಮುಂಚೆ ಕೈ ಒತ್ತಿ ಬರುತ್ತಿದ್ದೆವು. ಆ ಜೂನಿನಲ್ಲಿ ಮೊದಲ ಸಲ ಬೀದಿಗೆ ಕಾಣುವಂತೆ ಒತ್ತಿದೆವು.

ಈಗ ಯಾರೋ ಡೆಸ್ಮಂಡನ ಬಾಯಿಗೆ ಟಾರು ಎರಚಿದ್ದಾರೆ. ಪುರಸಭೆಯವರು ಸುಣ್ಣ ಬಳಿಯುತ್ತೇವೆ ಅನ್ನುತ್ತಿದ್ದಾರೆ. ನೀನು ಬಂದು ಬಾಯಿ ಸರಿಮಾಡು.

ಇನ್ನೊಂದು. ಜುಲೈನಲ್ಲಿ ಸುಟ್ಟ ಪೊಲೀಸ್ ಕಾರಿನ ಗಲಾಟೆ ಮುಗಿದಿಲ್ಲ. ಒಳಗಿದ್ದ ಪೇದೆಯ ಎರಡು ಕೈಯೂ ಬೆಂದವಲ್ಲ, ಶೆರಿಫ್ ಹಟ ಹಿಡಿದಿದ್ದಾನೆ. ಪಕ್ಕದಲ್ಲಿ ಬಿದ್ದಿದ್ದ ಥಿನ್ನರ್ ಡಬ್ಬಿಯ ಮೇಲೆ ನೀಲಿ ಬಣ್ಣದಲ್ಲಿ ಹೆಬ್ಬೆರಳು, ಅಂಗೈಯ ಗುರುತು ಒಣಗಿದೆ, ಗೊತ್ತಿದ್ದವರು ತಿಳಿಸಿ ಎಂದು ಕಂಬ ಕಂಬಕ್ಕೂ ಕಾಗದ ಅಂಟಿಸಿದ್ದಾರೆ. ನೀಲಿ ಯಾರ ಮನೆಯಲ್ಲಿಲ್ಲ? ಈ ಊರಿನ ಜಗಲಿ ಸೂರೆಲ್ಲ ನೀಲಿಯೇ. ಡೆಸ್ಮಂಡನನ್ನು ಕೊಂದವನ ವಿಚಾರಕ್ಕೆ ಒಂದು ಕಾಗದವನ್ನೂ ಅಂಟಿಸಲಿಲ್ಲ.

ಆಲ್ಸೀಡ್ ರೋಶಾನ್


ಓಕ್‌ಲ್ಯಾಂಡ್
1 ಅಕ್ಟೋಬರ್ 2020

ಪರಾನ್,

ಹೇಳದೆ ಬಂದದ್ದು ತಪ್ಪು. ಬೈಯಿರಿ, ಆದರೆ ಫೋನಿನ ವಿಚಾರದಲ್ಲಿ ಬೈಯಬೇಡಿ. ಇಟ್ಟುಕೊಳ್ಳುವ ಹಾಗಿರಲಿಲ್ಲ, ಬಿಟ್ಟೆ.

ಒದೀಲ್ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆ ನನ್ನದು. ಬ್ರೆಡ್ ಮಾಡುವ ಕಡೆ ಕೆಲಸ ಸಿಕ್ಕಿದೆ. ಹೋದ ತಿಂಗಳು ಕಾಡಿಗೆಲ್ಲ ಬೆಂಕಿ ಬಿದ್ದು ಒಂದು ದಿನ ಇಲ್ಲಿ ಬೆಳಗೇ ಆಗಲಿಲ್ಲ. ಆಕಾಶ ಕಿತ್ತಳೆ ಬಣ್ಣ, ಮಧ್ಯಾಹ್ನ ದೀಪ ಹಾಕಿಕೊಂಡು ಹಿಟ್ಟು ನಾದಿದೆವು.

ಗೋಡೆಯನ್ನು ಮಳೆಗೆ ಬಿಡಿ, ಪರಾನ್. ಶಾಶ್ವತವಾಗಿ ಇರಲಿ ಅಂತ ನಾನು ಬರೆದದ್ದಲ್ಲ. ಆ ತಿಂಗಳು ಅದು ಬೇಕಿತ್ತು, ಬರೆದೆ. ಟಾರು ಬಿದ್ದಿದ್ದರೆ ಬಿದ್ದಿರಲಿ. ಸುಣ್ಣ ಬಳಿದರೂ ಜಗಳಕ್ಕೆ ಹೋಗಬೇಡಿ.

ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಚಿಕ್ಕಮ್ಮನ ಹೆಸರು ಸಾಕು.

ಆ ಡಬ್ಬಿಯ ವಿಚಾರದಲ್ಲಿ ಯಾರನ್ನಾದರೂ ಕರೆಸಿ ಕೇಳಿದರಾ? ಸುಮ್ಮನೆ ಕೇಳಿದೆ.

ನೊಯೆಲಿ


ವೆರೋನ್
19 ಅಕ್ಟೋಬರ್ 2020

ನೊಯೆಲಿ,

ನಿನ್ನ ಕಾಗದ ಓದಿ ಒಲೆಗೆ ಹಾಕೋಣ ಅನ್ನಿಸಿತು. ಸುಣ್ಣ ಬಳಿಯಲಿ ಅನ್ನುತ್ತೀಯಲ್ಲ, ಡೆಸ್ಮಂಡನ ತಾಯಿ ಮಿಸ್ ಉರ್ಸಿನ್ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಆ ಗೋಡೆಯ ಮುಂದೆ ನಿಂತು ಮಗನ ಜೊತೆ ಮಾತಾಡುತ್ತಾಳೆ, ಅವಳಿಗೂ ಹೀಗೇ ಬರೆಯುತ್ತೀಯಾ? ಓಕ್‌ಲ್ಯಾಂಡಿನ ಗಾಳಿ ಮೂರೇ ತಿಂಗಳಲ್ಲಿ ನಿನ್ನನ್ನು ಮೆತ್ತಗೆ ಮಾಡಿಬಿಟ್ಟಿತು.

ನಾನು ಪುರಸಭೆಗೆ ಹೋದೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದರು. ಸದಸ್ಯ ಟಿಬೊಡೋ ಎದ್ದು, "ಊರಿನಲ್ಲಿ ಶಾಂತಿ ಇರ್ಬೇಕು ಅಂದ್ರೆ ಗಾಯಾನ ಕೆರೀಬಾರ್ದು" ಎಂದ.

"ಗಾಯ ಯಾರದು ಟಿಬೊಡೋ? ನಿಮ್ಮದಾ?" ಎಂದೆ.

"ಮಿಸ್ಟರ್ ಆಲ್ಸೀಡ್, ಕೂತ್ಕೊಂಡು ಮಾತಾಡಿ."

"ನಿಮ್ಮಪ್ಪನ ಮನೆ ಸೂರಿಗೆ ಗಾರೆ ಹಾಕೋವಾಗ ಮೂರು ತಿಂಗಳು ಮಲಗಿಕೊಂಡೇ ಕೆಲಸ ಮಾಡಿದೀನಿ. ಈಗ ನಿಂತೇ ಮಾತಾಡ್ತೀನಿ."

ಹಿಂದೆ ಕೂತವರು ನಕ್ಕರು. ಟಿಬೊಡೋನ ಕಿವಿ ಕೆಂಪಾಯಿತು. ತೀರ್ಮಾನ ಮುಂದಕ್ಕೆ ಹೋಯಿತು.

ಅಟ್ಲಾಂಟಾದಿಂದ ಒಬ್ಬಳು ಬಂದಿದ್ದಾಳೆ, ಥಿಯೊಡೋರಾ ಪೆಟ್ವೇ ಎಂದು. ನಮ್ಮವಳೇ. ಪ್ರತಿಭಟನೆಗೆ ಬರೆದ ಗೋಡೆ, ಹಲಗೆ, ಬಾಗಿಲುಗಳನ್ನು ಹಾಳಾಗದಂತೆ ಕಾಪಾಡುವುದೇ ಅವಳ ಕೆಲಸವಂತೆ. ಟಾರನ್ನು ಹತ್ತಿಯಲ್ಲಿ ಒರೆಸಿ ಒರೆಸಿ ತೆಗೆದಳು, ಒಂದಿಷ್ಟೂ ಬಣ್ಣ ಎದ್ದು ಬರಲಿಲ್ಲ. ಆಮೇಲೆ ಪಕ್ಕದಿಂದ ದೀಪ ಬಿಟ್ಟು ಕೈಗಳ ಪಟ್ಟಿ ನೋಡಿದಳು.

"ಮಿಸ್ಟರ್ ರೋಶಾನ್, ಇಷ್ಟು ನಯವಾದ ಗಾರೆ ನಾನು ನೋಡಿಲ್ಲ. ಬೆರಳಿನ ಒಂದೊಂದು ಗೆರೆನೂ ಅಚ್ಚು ಬಿದ್ದಿದೆ."

"ಮತ್ತೆ? ಹಿಟ್ಟು ಜರಡಿ ಹಿಡಿದ ಹಾಗೆ ಸುಣ್ಣ ಜರಡಿ ಹಿಡಿದಿದ್ದೆ," ಎಂದೆ.

"ಅದಕ್ಕೇ ಹೇಳ್ತಿದೀನಿ. ಇದರ ಫೋಟೊ ತೆಗೀಬೇಕಾದ್ರೆ ಕೈ ಒತ್ತಿದ ಒಬ್ಬೊಬ್ಬರೂ ಒಪ್ಪಿಗೆಗೆ ಸಹಿ ಹಾಕ್ಬೇಕು. ಇದು ಬರೀ ಚಿತ್ರ ಅಲ್ಲ, ಜನರ ಗುರುತು."

ನನಗೆ ರೇಗಿತು. "ಅಮ್ಮಾ, ಕೈ ಒತ್ತೋವಾಗ ಯಾರೂ ಸಹಿ ಕೇಳ್ಲಿಲ್ಲ. ನಮ್ಮ ಕೈಗೆ ನಾವೇ ಸಾಕ್ಷಿ. ಹೋಗು, ನಿನ್ನ ಕಾಗದ ನೀನೇ ಇಟ್ಕೋ," ಎಂದೆ. ಆಕೆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮುಖದ ಫೋಟೊ ಇಂಚಿಂಚೂ ತೆಗೆದುಕೊಂಡಳು. ಕೈಗಳಿಗೆ ಒಂದು ಬಟ್ಟೆ ಇಳಿಬಿಟ್ಟು ಹೋದಳು. ಓದಿದವರ ಅತಿಬುದ್ಧಿ.

ಡಬ್ಬಿಯ ಬಗ್ಗೆ ಕೇಳಿದ್ದೀಯ. ಹಾರ್ಡ್‌ವೇರ್ ಅಂಗಡಿಯವನನ್ನು ಎರಡು ಸಲ ಕರೆಸಿದರಂತೆ. ನಿನಗ್ಯಾಕೆ ಅದು.

ಆಲ್ಸೀಡ್


ಓಕ್‌ಲ್ಯಾಂಡ್
30 ಅಕ್ಟೋಬರ್ 2020

ಪರಾನ್,

ಆ ಮಿಸ್ ಪೆಟ್ವೇ ಹೇಳಿದ್ದು ಸರಿ. ದಯವಿಟ್ಟು ಅವರ ಮಾತು ಕೇಳಿ.

ಗೋಡೆಯನ್ನು ಉಳಿಸಲೇಬೇಕು ಅಂತಿದ್ದರೆ ಮುಖವನ್ನು ಉಳಿಸಿ. ಕೈಗಳ ಪಟ್ಟಿಯ ಮೇಲೆ ಒಂದು ತೆಳು ಗಾರೆ ಎಳೆದುಬಿಡಿ. ನಿಮಗೆ ಅರ್ಧ ದಿನದ ಕೆಲಸ. ಯಾಕೆ ಅಂತ ಕೇಳಬೇಡಿ. ನಾನು ನಿಮ್ಮಲ್ಲಿ ಏನನ್ನೂ ಕೇಳಿದವಳಲ್ಲ, ಇದೊಂದು ಕೇಳುತ್ತಿದ್ದೇನೆ.

ಹಾರ್ಡ್‌ವೇರ್ ಅಂಗಡಿಯ ಮಿಸ್ಟರ್ ಗಿಡ್ರಿ ಏನು ಹೇಳಿದರಂತೆ? ಗೊತ್ತಾದರೆ ಬರೆಯಿರಿ.

ನೊಯೆಲಿ


ವೆರೋನ್
22 ನವೆಂಬರ್ 2020

ನೊಯೆಲಿ,

ಈಗ ಗೊತ್ತಾಯಿತು ನಿನ್ನ ಮನಸ್ಸು. ನೀನು ಬರೆದ ಮುಖ ಮಾತ್ರ ಉಳಿಯಬೇಕು. ಒವೀಡನ ಕೈ, ಮಿಸ್ ಉರ್ಸಿನ್ ಕೈ, ಮೀನು ಕೊಯ್ಯುವವರ, ಪಾತ್ರೆ ತೊಳೆಯುವವರ ಕೈ ನಿನ್ನ ಚಿತ್ರದ ಕೆಳಗೆ ಕೊಳಕಾಗಿ ಕಾಣುತ್ತವೆ. ಕಲಾವಿದೆ ಆಗಿದ್ದೀಯ. ಗಿಡ್ರಿ ಏನು ಹೇಳಿದನೋ ನನಗೆ ಗೊತ್ತಿಲ್ಲ, ಕೇಳುವ ಪುರುಸೊತ್ತೂ ಇಲ್ಲ.

ನೀನು ಬೇಡವೆಂದರೂ ಕೆಲಸ ಆಗಿದೆ. ಪುರಸಭೆ ಸೋತಿತು. ಗೋಡೆ ಈಗ ಸಂರಕ್ಷಿತ. ಹಿತ್ತಾಳೆ ಫಲಕ ಹೊಡೆದಿದ್ದಾರೆ: ಇದನ್ನು ಕೆಡಿಸಿದವರಿಗೆ ಜೈಲು. ಆ ಸಾಲು ಸೇರಿಸಲೇಬೇಕು ಎಂದು ಮೇಜು ಗುದ್ದಿದವನು ನಾನು. ಪೆಟ್ವೇ ಕೊಟ್ಟ ಬಣ್ಣವಿಲ್ಲದ ಲೇಪವನ್ನು ಮುಖಕ್ಕೆ ಅವಳು ಬಳಿದಳು. ಅವಳು ಊಟಕ್ಕೆ ಹೋದಾಗ ಬಟ್ಟೆ ಎತ್ತಿ ಕೈಗಳಿಗೆ ನಾನೇ ಬಳಿದೆ. ಇನ್ನು ಮಳೆ ಬರಲಿ, ಬಿರುಗಾಳಿ ಬರಲಿ, ಒಂದು ಗೆರೆ ಅಳಿಯುವುದಿಲ್ಲ.

ಪೆಟ್ವೇ ಹೇಳಿದ್ದಳು, ರಾಜಧಾನಿಯಿಂದ ಪರಂಪರೆ ಇಲಾಖೆಯವರು ನೋಡಲು ಬರಬಹುದು ಎಂದು. ಮೊನ್ನೆ ಬಂದರು. ಇಬ್ಬರು ಬಿಳಿಯರು, ಬೂದು ಬಣ್ಣದ ಕಾರು, ಮಾಸ್ಕಿನ ಮೇಲೆ ಕಣ್ಣಷ್ಟೇ. ನನ್ನನ್ನು "ಮಿಸ್ಟರ್ ರೋಶಾನ್, ಸರ್" ಎಂದರು. ಈ ಊರಿನಲ್ಲಿ ಎಪ್ಪತ್ತು ವರ್ಷ ದಾಟಿದ್ದೇನೆ, ಒಬ್ಬ ಬಿಳಿಯನ ಬಾಯಲ್ಲೂ ಆ "ಸರ್" ಕೇಳಿರಲಿಲ್ಲ. ಕುರ್ಚಿ ಹಾಕಿಸಿದೆ, ಚಿಕರಿ ಕಾಫಿ ಕೊಟ್ಟೆ.

ಅವರು ಮುಖದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ನೇರವಾಗಿ ಕೈಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ನೋಡು, ಬೆಲೆ ಗೊತ್ತಿರುವವರು ಹಾಗೆ ಕೂರುತ್ತಾರೆ.

"ಇವು ಯಾರ್ಯಾರ ಕೈ ಅಂತ ನಿಮಗೆ ನೆನಪಿದೆಯಾ ಸರ್?" ಎಂದ ಒಬ್ಬ.

"ನೆನಪಿದೆಯಾ ಅಂದ್ರೆ? ಮಣಿಕಟ್ಟು ಹಿಡಿದು ಒತ್ತಿಸಿದವನೇ ನಾನು," ಎಂದು ಒಂದು ಕಡೆಯಿಂದ ಹೇಳುತ್ತ ಹೋದೆ. ಕಿರುಬೆರಳು ಸೊಟ್ಟಗಿರುವುದು ಒವೀಡನದು. ಉಂಗುರದ ಗುರುತಿರುವುದು ಮಿಸ್ ಉರ್ಸಿನ್. ಕೊನೆಯಲ್ಲಿ ಅಂಚಿಗೆ ಇರುವುದು ನನ್ನ ಮಗಳಂಥವಳದು, ಈ ಚಿತ್ರ ಬರೆದವಳು, ಎಂದೆ. ನಿನ್ನ ಮೇಲೆ ಎಷ್ಟು ಕೋಪವಿದ್ದರೂ ಹೆಮ್ಮೆಯಿಂದಲೇ ಹೇಳಿದೆ. ಒಬ್ಬ ಕನ್ನಡಕ ತೆಗೆದು ಅದರ ಹತ್ತಿರ ಮುಖ ತಂದ. ಬಹಳ ಹೊತ್ತು ನೋಡಿದ. ಬಂದವರೆಲ್ಲ ಪಟಪಟ ಫೋಟೊ ಹೊಡೆಯುತ್ತಾರೆ. ಇವರು ಒಂದೂ ತೆಗೆಯಲಿಲ್ಲ. ಮರ್ಯಾದಸ್ಥರು.

"ಅವರು ಈಗ ಊರಲ್ಲಿದಾರಾ?" ಎಂದ.

"ಇಲ್ಲ, ದೊಡ್ಡ ಊರು ಸೇರ್ಕೊಂಡಿದ್ದಾಳೆ, ನಮ್ಮ ಕೈಯೆಲ್ಲ ಈಗ ಅವಳಿಗೆ ಆಗಲ್ಲ," ಎಂದೆ. ಅವರು ನಗಲಿಲ್ಲ.

ಆಲ್ಸೀಡ್


ಓಕ್‌ಲ್ಯಾಂಡ್
3 ಡಿಸೆಂಬರ್ 2020

ಪರಾನ್,

ಪರಂಪರೆ ಇಲಾಖೆಯವರು ಅಂತ ಅವರು ಬಾಯಿಬಿಟ್ಟು ಹೇಳಿದರಾ, ನೀವೇ ಅಂದುಕೊಂಡಿರಾ? ಇದಕ್ಕೆ ಉತ್ತರ ಬರೆಯಿರಿ. ಬೈಗುಳ ಆಮೇಲೆ.

ದೊಡ್ಡ ಊರು ಅಂದಿರಿ. ಯಾವ ಊರು ಅಂತ ಹೇಳಿದಿರಾ?

ನನ್ನ ಕಾಗದಗಳನ್ನು ಒಲೆಗೆ ಹಾಕೋಣ ಅನ್ನಿಸಿತು ಎಂದಿದ್ದಿರಿ. ಹಾಕಿ.

ನೊಯೆಲಿ


ವೆರೋನ್
27 ಡಿಸೆಂಬರ್ 2020

ನೊಯೆಲಿ,

ಹೇಳಲಿಲ್ಲ. ನಾನೇ ಅಂದುಕೊಂಡೆ. ಊರಿನ ಹೆಸರು ಹೇಳಲಿಲ್ಲ.

ಹಬ್ಬಕ್ಕೆ ಮುಂಚೆ ಅವರು ಮತ್ತೆ ಬಂದರು. ಈ ಸಲ ಸೊಂಟದಲ್ಲಿ ಬಿಲ್ಲೆ ಇತ್ತು. ಶೆರಿಫನ ಜನ. ಜನವರಿ ಹನ್ನೆರಡಕ್ಕೆ ಕೋರ್ಟು. ಕೈಗಳ ಪಟ್ಟಿಯನ್ನು ಗರಗಸದಲ್ಲಿ ಕೊಯ್ದು ಒಯ್ಯಲು ಅಪ್ಪಣೆ ಕೇಳಿದ್ದಾರೆ. ಸಂಘದ ಅಂಗಳಕ್ಕೆ ಬಂದು ಅಪ್ಪಣೆಯಿಲ್ಲದೆ ತೆಗೆದ ಫೋಟೊ ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ, ಅದಕ್ಕೇ ಅವತ್ತು ತೆಗೆಯಲಿಲ್ಲ. ಮರ್ಯಾದೆಗಲ್ಲ. ಡಬ್ಬಿಯ ಗುರುತಿಗೆ ಹೋಲಿಸಲು ನಿನ್ನ ಬೆರಳಚ್ಚು ಅವರ ಬಳಿ ಎಲ್ಲೂ ಇಲ್ಲ, ನೀನು ಯಾವತ್ತೂ ಠಾಣೆ ಹತ್ತಿದವಳಲ್ಲ. ಬಂದವರು ಫೋನಿನಲ್ಲಿ ಹೊಡೆದ ಫೋಟೊಗಳಲ್ಲಿ ಬೆರಳಿನ ಗೆರೆ ಬಿದ್ದಿಲ್ಲವಂತೆ. ಇಡೀ ಲೋಕದಲ್ಲಿ ಅದು ಇರುವುದು ನನ್ನ ಗಾರೆಯಲ್ಲಿ.

ಪೆಟ್ವೇಯ ಹತ್ತಿರವೂ ಹೋದರಂತೆ. "ನನ್ನ ಹತ್ರ ಮುಖ ಮಾತ್ರ ಇದೆ, ಕೈಗಳಿಲ್ಲ, ಸಹಿ ಸಿಗ್ಲಿಲ್ಲ ಅಂತ ತೆಗೀಲಿಲ್ಲ" ಎಂದು ನಿಜವನ್ನೇ ಹೇಳಿದಳಂತೆ. ಅವಳಿಗೆ ಏನೆಲ್ಲ ಅಂದಿದ್ದೆ ನಾನು.

"ಹುಡುಗಿ ಎಲ್ಲಿ?" ಎಂದರು. "ಹೇಳದೆ ಹೋದಳು," ಎಂದೆ.

"ಕಾಗದ ಬರಲ್ವಾ?"

"ನಾನು ಆರನೇ ಕ್ಲಾಸು. ನನಗ್ಯಾರು ಬರೀತಾರೆ?"

ಡಬ್ಬಿಯ ಬಗ್ಗೆ ನಾನು ಕೇಳುವುದಿಲ್ಲ. ನೀನೂ ಬರೆಯಬೇಡ. ನೀನು ಯಾಕೆ ಊರು ಬಿಟ್ಟೆ, ಯಾಕೆ ಫೋನು ಬಿಟ್ಟೆ, ಯಾಕೆ ಕೈಗಳ ಮೇಲೆ ಗಾರೆ ಎಳೆಯಿರಿ ಎಂದೆ, ಎಲ್ಲ ಒಂದೇ ಸಲ ತಿಳಿಯಿತು. ಎರಡು ದಿನ ಊಟ ಸೇರಲಿಲ್ಲ.

ಬೂದು ಕಾರು ಎದುರು ಮನೆಯ ಓಕ್ ಮರದ ಕೆಳಗೆ ನಿಂತೇ ಇರುತ್ತದೆ. ಕ್ರಿಸ್‌ಮಸ್ ದಿನವೂ ನಿಂತಿತ್ತು. ಒಳಗೆ ಯಾರೋ ಇದ್ದಾರೆ, ಗಾಜು ಮಂಜಾಗುತ್ತದೆ. ಈ ಕಾಗದವನ್ನು ಒವೀಡ್ ಪಕ್ಕದ ಊರಿಗೆ ಒಯ್ದು ಹಾಕುತ್ತಾನೆ.

ನೀನು ಅಲ್ಲೇ ಇರು. ನಾನು ಬದುಕಿರುವವರೆಗೂ ಈ ಗೋಡೆಗೆ ಯಾರೂ ಗರಗಸ ಇಡುವುದಿಲ್ಲ. ಇಷ್ಟು ತಿಳಿದಿರು, ಸಾಕು. ಉಳಿದದ್ದು ಕಾಗದದಲ್ಲಿ ಬರೆಯುವಂಥದ್ದಲ್ಲ.

ಆಲ್ಸೀಡ್


ಓಕ್‌ಲ್ಯಾಂಡ್
6 ಜನವರಿ 2021

ಪರಾನ್,

ನಿಮ್ಮ ಕಾಗದ ಬಂದಾಗಿನಿಂದ ಒಂದೇ ಚಿತ್ರ ಕಣ್ಣ ಮುಂದೆ. ಗರಗಸ ಹಿಡಿದವರು ಒಂದು ಕಡೆ, ಕರಣೆ ಹಿಡಿದು ಗೋಡೆಗೆ ಬೆನ್ನು ಕೊಟ್ಟ ನೀವು ಒಂದು ಕಡೆ. ನಿಮಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಕೈ ಮೇಲೆತ್ತು ಅಂತ ಅವರು ಕೂಗುತ್ತಾರೆ, ನೀವು ಎತ್ತುವುದಿಲ್ಲ. ಡೆಸ್ಮಂಡ್ ಜೇಬಿಗೆ ಕೈ ಹಾಕಿದ್ದಕ್ಕೇ ಅಷ್ಟಾಯಿತು.

ಇನ್ನು ಮುಚ್ಚಿಡಲು ಏನಿದೆ. ಡಬ್ಬಿ ನನ್ನದು. ಕುಂಚ ತೊಳೆಯಲು ತಂದಿದ್ದೆ. ಅವತ್ತು ಬೀದಿಯಲ್ಲಿ ಒಬ್ಬರು ಕೈ ಚಾಚಿ ಕೇಳಿದರು, ಕೊಟ್ಟೆ. ಯಾಕೆ ಕೇಳುತ್ತಿದ್ದಾರೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಕಾರು ಖಾಲಿ ಇದೆ ಅಂತ ಇಬ್ಬರೂ ಅಂದುಕೊಂಡಿದ್ದೆವು. ಒಳಗಿದ್ದ ಪೇದೆಯ ಕೂಗು ನನಗೆ ಹಿಟ್ಟು ನಾದುವಾಗಲೂ ಕೇಳಿಸುತ್ತದೆ. ಯಾರಿಗೆ ಕೊಟ್ಟೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಎಲ್ಲದರಲ್ಲೂ ಗೋಡೆ. ನಾನು ಹೇಗಿದ್ದೇನೆ ಅಂತ ನೀವು ಒಂದು ಸಲವೂ ಕೇಳಿಲ್ಲ. ಬೇಸರಕ್ಕೆ ಹೇಳುತ್ತಿಲ್ಲ. ನಿಮ್ಮ ಅಜ್ಜ, ಅಪ್ಪ ಮೂಲೆಯಲ್ಲಿ ಬಚ್ಚಿಟ್ಟ ಕೈಗಳನ್ನು ನೀವು ಬೀದಿಗೆ ತಂದಿರಿ. ನಿಮ್ಮ ಪಾಲಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ನನಗಿಂತ ದೊಡ್ಡದು ಅಂತಲೂ ಗೊತ್ತು.

ಆ ಕೈ ನನ್ನದೇ ಎಂದು ನಾನೇ ಬಂದು ಹೇಳಿದರೆ ಯಾರೂ ಗೋಡೆ ಕೊಯ್ಯಬೇಕಿಲ್ಲ. ಶನಿವಾರದ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಸೋಮವಾರ ಸಂಜೆ ಲಫಾಯೆಟ್ ದಾಟಿ ವೆರೋನಿಗೆ ಬರುತ್ತದೆ. ಮಂಗಳವಾರ ಕೋರ್ಟಿಗೆ ನಾನೇ ಹೋಗುತ್ತೇನೆ. ಅಲ್ಲಿಯವರೆಗೆ ಗೋಡೆಯ ಹತ್ತಿರ ಹೋಗಬೇಡಿ, ಯಾರ ಜೊತೆಗೂ ಜಗಳ ಬೇಡ. ಅಷ್ಟು ಮಾಡಿ.

ನಿಮ್ಮ ನೊಯೆಲಿ


ವೆರೋನ್
10 ಜನವರಿ 2021, ಭಾನುವಾರ

ನೊಯೆಲಿ,

ಕೆಲಸ ಆಯಿತು. ನಾಳೆ ಒವೀಡ್ ಇದನ್ನು ಅಂಚೆಗೆ ಹಾಕುವಾಗ ಶೆರಿಫನಿಗೂ ಗೊತ್ತಾಗಿರುತ್ತದೆ, ಆದ್ದರಿಂದ ಬಚ್ಚಿಡದೆ ಬರೆಯುತ್ತೇನೆ.

ನಿನ್ನ ಕೈ ಒಂದನ್ನೇ ತೆಗೆದರೆ ಅದೇ ಸಾಕ್ಷಿಯಾಗುತ್ತದೆ. ತೆಗೆದರೆ ಇಡೀ ಪಟ್ಟಿಯನ್ನೇ ತೆಗೆಯಬೇಕು. ಮೇಲೆ ಗಾರೆ ಎಳೆದರೆ ಅವರು ಕೆರೆದು ನೋಡುತ್ತಾರೆ. ಲೇಪ ಬೇರೆ ಹಾಕಿದ್ದೇನೆ, ಕೆಳಗೆ ಒಂದು ಗೆರೆಯೂ ಅಳಿದಿರುವುದಿಲ್ಲ. ಇಟ್ಟಿಗೆಯವರೆಗೆ ಕೆತ್ತಬೇಕು. ಆದರೆ ಆ ಪಟ್ಟಿ ನಾನು ಕೈ ಒತ್ತಲಿಕ್ಕೆಂದಷ್ಟೇ ಹಾಕಿದ್ದಲ್ಲ. ಈ ಊರಿನ ನೆಲದಲ್ಲಿ ನದಿಯ ತೇವ ಸದಾ ಇರುತ್ತದೆ, ಅದನ್ನು ತಡೆದು ನಿಲ್ಲಿಸಿದ್ದು ಆ ಪಟ್ಟಿ. ಅದು ಹೋದರೆ ತೇವ ಮೇಲಕ್ಕೇರುತ್ತದೆ. ಮೊದಲು ಡೆಸ್ಮಂಡನ ಗದ್ದ ಉಬ್ಬುತ್ತದೆ, ಆಮೇಲೆ ಬಾಯಿ. ಎರಡು ಮಳೆಗಾಲ, ಹೆಚ್ಚೆಂದರೆ ಮೂರು. ಕೋರ್ಟಿನವರು ಸಂಘದ ಕಟ್ಟಡಕ್ಕೆ ಮುದ್ರೆ ಹಾಕಿ ನನ್ನನ್ನು ಒಳಗೆ ಹಾಕಿದರೆ ಮತ್ತೆ ಗಾರೆ ಹಾಕುವವರೂ ಇರುವುದಿಲ್ಲ.

ಇದನ್ನು ಮಿಸ್ ಉರ್ಸಿನ್‌ಗೆ ಹೇಳದೆ ಉಳಿ ಮುಟ್ಟುವ ಹಾಗಿರಲಿಲ್ಲ. ಶುಕ್ರವಾರ ಅವಳ ಅಡುಗೆಮನೆಗೆ ಹೋದೆ. ಸಿಗಡಿಯ ಸಿಪ್ಪೆ ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ಕೈ ನಿಲ್ಲಿಸಲಿಲ್ಲ.

"ಮುಖ ಹೋಗತ್ತೆ ಅಂತೀರಾ?"

"ಹೋಗತ್ತೆ. ನಿಧಾನವಾಗಿ."

"ನೀವೇ ಅಲ್ವಾ ಪುರಸಭೇಲಿ ಎದೆ ಬಡ್ಕೊಂಡಿದ್ದು, ಇದು ಹೋದ್ರೆ ಡೆಸ್ಮಂಡ್ ಎರಡ್ನೇ ಸಲ ಸತ್ತ ಹಾಗೆ ಅಂತ?"

"ಅಂದಿದ್ದೆ."

"ದೊಡ್ಡ ಮಾತು ಆಡ್ತೀರಪ್ಪ ನೀವು. ಅವನು ಒಂದೇ ಸಲ ಸತ್ತಿದ್ದು, ನಾನು ಅಲ್ಲಿದ್ದೆ." ಸಿಗಡಿಯ ತಲೆಗಳನ್ನು ಒಂದು ಬಟ್ಟಲಿಗೆ ತಳ್ಳಿದಳು. "ಹೆತ್ತವಳಿಗೆ ಮಗನ ಮುಖ ಗೋಡೆ ನೋಡಿ ನೆನಪಾಗ್ಬೇಕಾ? ಆ ಹುಡುಗಿನ ಅವರಿಗೆ ಕೊಡ್ಬೇಡಿ ಆಲ್ಸೀಡಣ್ಣ. ತೆಗೀರಿ. ನನ್ನ ಕೈ ನಾನೇ ತೆಗೀತೀನಿ."

ಬಾಗಿಲವರೆಗೆ ಬಂದವಳು ಏನೋ ಹೇಳಲು ಬಾಯಿ ತೆರೆದಳು. "ಡಬ್ಬಿ..." ಎಂದಳು. "ಬೇಡ," ಎಂದೆ. ಅವಳು ಏನು ಹೇಳಲಿದ್ದಳೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಇವತ್ತು ಪೂಜೆ ಚರ್ಚಿನ ಅಂಗಳದಲ್ಲೇ ಇತ್ತು, ಮಾಸ್ಕ್ ಹಾಕಿಕೊಂಡು. ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಒಳ್ಳೆಯ ಬಟ್ಟೆಯಲ್ಲೇ ಬಂದರು. ನನ್ನ ಹಳೆಯ ಉಳಿಗಳನ್ನು ನೆಲದ ಮೇಲೆ ಹರಡಿದೆ. ಒಬ್ಬೊಬ್ಬರೂ ತಮ್ಮ ಕೈ ಹುಡುಕಿಕೊಂಡು ಕೂತರು. ಸತ್ತವರ, ಊರು ಬಿಟ್ಟವರ ಕೈಗಳಿಗೆ ಅವರವರ ಮನೆಯವರು ಕೂತರು. ಒವೀಡನಿಗೆ ಸುತ್ತಿಗೆ ಹಿಡಿಯಲು ಬರುವುದಿಲ್ಲ, ಬೆರಳಿಗೇ ಹೊಡೆದುಕೊಂಡ. "ಕತ್ತರಿ ಹಿಡಿಯೋನಿಗೆ ಇದೆಲ್ಲ ಯಾಕಣ್ಣ," ಎಂದ. ಯಾರೋ ನಕ್ಕರು. ಆಮೇಲೆ ಬರೀ ಉಳಿಯ ಸದ್ದು. ನನ್ನಂಥ ಕಿವುಡನಿಗೂ ಎದೆಯಲ್ಲಿ ಕೇಳಿಸಿತು.

ನಿನ್ನ ಕೈಯನ್ನು ನಾನು ಕೆತ್ತಿ ತೆಗೆದೆ. ಗಾರೆ ಗಟ್ಟಿಯಾಗಿತ್ತು, ಸುಲಭಕ್ಕೆ ಬಿಡಲಿಲ್ಲ. ಪುಡಿಯನ್ನು ಜರಡಿ ಹಿಡಿದು, ಬೆರಳಷ್ಟು ದೊಡ್ಡ ಚೂರೂ ಉಳಿಯದ ಹಾಗೆ ಒಡೆದು, ನದಿಗೆ ಸುರಿದೆ.

ಪೆಟ್ವೇ ಕಾರಿನಲ್ಲಿ ಬಂದಳು. ಬೀದಿಯ ತುದಿಯಲ್ಲೇ ನಿಲ್ಲಿಸಿ ನೋಡಿದಳು. ಇಳಿಯಲಿಲ್ಲ. ಹಿಂದಕ್ಕೆ ತಿರುಗಿಸಿಕೊಂಡು ಹೋದಳು. ಬೂದು ಕಾರಿನವರೂ ಇಳಿಯಲಿಲ್ಲ, ಕೋರ್ಟಿನ ಅಪ್ಪಣೆ ಇನ್ನೂ ಅವರ ಕೈಯಲ್ಲಿಲ್ಲ. ಒಬ್ಬ ಫೋನಿನಲ್ಲಿ ಮಾತಾಡುತ್ತ ನಮ್ಮೆಲ್ಲರನ್ನೂ ಒಂದು ಕಡೆಯಿಂದ ಎಣಿಸುತ್ತಿದ್ದ. ನಾಳೆಯೋ ನಾಡಿದ್ದೋ ಕರೆಯಲು ಬರುತ್ತಾರೆ. ಫಲಕದ ಮೇಲಿನ ಆ ಸಾಲು ನಾನೇ ಬರೆಸಿದ್ದು, ದೂರುವ ಹಾಗಿಲ್ಲ.

ಹೇಗಿದ್ದೀಯ? ಊಟ ಸರಿಯಾಗಿ ಮಾಡುತ್ತೀಯಾ?

ನಿನ್ನ ಪರಾನ್


ವೆರೋನ್
11 ಜನವರಿ, ಸೋಮವಾರ

ನೊಯೆಲಿ,

ಈ ಚೀಟಿ ತಂದವನು ಒವೀಡ್. ಲಫಾಯೆಟ್ಟಿನಲ್ಲಿ ಬಸ್ಸು ನಿಂತಾಗ ನಿನ್ನ ಕೈಗೆ ಕೊಡು ಎಂದು ಅಟ್ಟಿದ್ದೇನೆ. ನಿನ್ನೆ ಬರೆದ ಕಾಗದವನ್ನೂ ಅವನ ಕೈಲೇ ಕೊಟ್ಟಿದ್ದೇನೆ, ಅದನ್ನು ಆಮೇಲೆ ಓದು. ಮೊದಲು ಇದು.

ನಿನ್ನ ಆರನೇ ತಾರೀಖಿನ ಕಾಗದ ಇವತ್ತು ಮಧ್ಯಾಹ್ನ ಬಂತು. ಮಿಸ್ ಉರ್ಸಿನ್ ಕೈಯಲ್ಲಿ ಒದೀಲಳಿಗೆ ಫೋನ್ ಮಾಡಿಸಿದೆ. ಶನಿವಾರವೇ ಹತ್ತಿದಳು ಎಂದಳು. ನಾನೇ ಬರುತ್ತಿದ್ದೆ, ಆದರೆ ನಾನು ಹೊರಟರೆ ಬೂದು ಕಾರು ಹಿಂದೆ ಬರುತ್ತದೆ. ಇಲ್ಲಿನ ಬಸ್ ನಿಲ್ದಾಣದ ಎದುರು ಬೆಳಿಗ್ಗೆಯಿಂದ ಇನ್ನೊಂದು ಕಾರು ನಿಂತಿದೆಯಂತೆ. ಟಿಕೆಟ್ಟಿನ ಮೇಲೆ ನಿನ್ನ ಹೆಸರು ಕೊಟ್ಟೆಯೋ ಏನೋ.

ನೀನು ಉಳಿಸಲು ಹೊರಟ ಕೈಗಳು ಈಗ ಇಲ್ಲ. ನಿನ್ನೆ ನಾವೇ ಕೆತ್ತಿ ತೆಗೆದೆವು, ಎಲ್ಲರೂ ಸೇರಿ. ಅವರ ಹತ್ತಿರ ಡಬ್ಬಿ ಇದೆ, ಹೋಲಿಸಲು ಏನೂ ಇಲ್ಲ. ನೀನು ವೆರೋನಿನಲ್ಲಿ ಇಳಿದರೆ ಆ ಕೈಯೇ ನಡೆದುಕೊಂಡು ಬಂದು ಸಿಕ್ಕಿದ ಹಾಗೆ.

ಗೋಡೆ ನನಗೆ ನಿನಗಿಂತ ದೊಡ್ಡದು ಎಂದು ಬರೆದಿದ್ದೀಯ. ಕತ್ತೆ. ಬೈಯಲು ಬೇರೆ ವಿಷಯ ಇರಲಿಲ್ಲ, ಅದಕ್ಕೆ ಗೋಡೆಯ ಬಗ್ಗೆ ಬರೆದೆ.

ಬಸ್ಸಿನಿಂದ ಇಳಿ. ಒವೀಡನ ಕಾರು ಹತ್ತಬೇಡ, ಅದರ ನಂಬರೂ ಅವರಿಗೆ ಗೊತ್ತಿರುತ್ತದೆ. ಬೇರೆ ದಿಕ್ಕಿಗೆ ಹೋಗುವ ಮೊದಲ ಬಸ್ಸು ಯಾವುದೋ ಅದನ್ನು ಹತ್ತು. ಟಿಕೆಟ್ಟಿಗೆ ಬೇರೆ ಹೆಸರು ಕೊಡು. ಎಲ್ಲಿಗೆ ಎಂದು ಒವೀಡನಿಗೆ ಹೇಳಬೇಡ, ಅವನ ಅಂಗಡಿಯಲ್ಲಿ ಏನೂ ನಿಲ್ಲುವುದಿಲ್ಲ. ಒದೀಲಳಿಗೂ ಹೇಳಬೇಡ.

ಬೀದಿಯಲ್ಲಿ ಬೂದು ಕಾರಿನ ಬಾಗಿಲು ತೆರೆಯಿತು. ಇಬ್ಬರು ಇಳಿದಿದ್ದಾರೆ. ಒವೀಡ್ ಹಿತ್ತಲಿನಿಂದ ಹೊರಡುತ್ತಾನೆ.

ನನಗೂ ಬರೆಯಬೇಡ.